ಕಮಾಂಡರನ ಕುಂಚಿಗಿ

ಮೊಣಕಾಲು ಕೈಕೊಟ್ಟ ಮೇಲೆ ಜೈಬುನ್ನೀಸಾಳ ಮಂಚ ಮಾಳಿಗೆಯಿಂದ ಕೆಳಗಿನ ಪಡಸಾಲೆಗೆ ಇಳಿಯಿತು. ಇಳಿಯಿತು ಅಂತ ಒಂದೇ ಮಾತಿನಲ್ಲಿ ಹೇಳಿಬಿಡಬಹುದು, ಆದರೆ ಅದನ್ನು ಇಳಿಸುವ ಹೊತ್ತಿಗೆ ಎದ್ದ ಗದ್ದಲ ಬೆಟಗೇರಿಯ ಆ ಇಡೀ ಓಣಿಗೆ ಕೇಳಿಸಿತ್ತು. ಗದ್ದಲಕ್ಕೆ ಕಾರಣ ಮಂಚವಲ್ಲ, ಕಪಾಟು. ಪಡಸಾಲೆಯ ಪಶ್ಚಿಮದ ಗೋಡೆಯನ್ನು ಅರ್ಧಕ್ಕರ್ಧ ನುಂಗಿ ಕೂತಿದ್ದ, ಮಗ ಶಫೀಕನ ಗಾಜಿನ ಕಪಾಟು. ಅದರ ತುಂಬ ಗೇಣುದ್ದದ ಪ್ಲಾಸ್ಟಿಕ್ ಸಿಪಾಯಿಗಳು. ಬೆಳ್ಳಿ ಬಣ್ಣದ ಎದೆಯವರು, ನಾಲ್ಕು ಕೈಯವರು, ಹಲ್ಲಿ ಮೋರೆಯವರು. ಶಫೀಕ ಸಣ್ಣವನಿದ್ದಾಗ ಟೀವಿಯಲ್ಲಿ ಬರುತ್ತಿದ್ದ ‘ಗ್ರಹರಕ್ಷಕ ಪಡೆ’ ಎಂಬ ಕಾರ್ಟೂನಿನ ಮಂದಿ ಅವರು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಅಂಗಡಿ ಇಟ್ಟ, ನಲವತ್ತು ದಾಟಿದ ಗಂಡಸು, ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ, ಪುಣೆಯ ಹಳೇ ಸಾಮಾನಿನ ಸಂತೆಯಲ್ಲಿ ಹುಡುಕಿ ಹುಡುಕಿ ಅವನ್ನೆಲ್ಲ ಕೂಡಿಹಾಕಿದ್ದ.

“ನಮಾಜಿಗೆ ಕುಂತ್ರ ಅತ್ತಿಯವ್ರ ಎದುರಿಗೇ ಈ ಹಲ್ಲಿ ಮಾರಿಯವ್ರು!” ಅಂದಳು ಹೆಂಡತಿ ನಸ್ರೀನ. “ಕಪಾಟ ಮ್ಯಾಲೆ ಒಯ್ರಿ.”

“ಮ್ಯಾಲೆ ತಗಡು ಐತಿ. ಬ್ಯಾಸಗ್ಯಾಗ ಪ್ಲಾಸ್ಟಿಕ್ ಸೊಟ್ಟ ಆಕ್ಕೈತಿ.”

“ಇಷ್ಟು ವರ್ಷ ಆ ತಗಡಿನ ಬುಡಕ ನಿಮ್ಮ ಅಮ್ಮ ಮಲಗಿದ್ರಲ್ರೀ. ಅವ್ರು ಸೊಟ್ಟ ಆಗಿದ್ದು ಕಾಣಲಿಲ್ಲೇನು?”

ಕಡೆಗೆ ಜಗಳ ಬಿಡಿಸಿದವಳು ಜೈಬುನ್ನೀಸಾಳೇ.

“ಒಂದು ಪರದೆ ಕಟ್ಟ್ರಿ. ನಮಾಜಿನ ಹೊತ್ತಿಗೆ ಎಳಕೋತೀನಿ, ಮುಗದ ಮ್ಯಾಲೆ ಸರಸ್ತೀನಿ. ಅವ್ರೂ ಇರಲಿ, ನಾನೂ ಇರ್ತೀನಿ.”

ಪರದೆ ಬಂತು. ಅಲ್ಲಿಗೆ ಎಲ್ಲ ತಣ್ಣಗಾಯಿತು ಅಂತ ಎಲ್ಲರೂ ತಿಳಿದರು.

ಮರುದಿನ ಮುಂಜಾನೆ ಜೈಬುನ್ನೀಸಾ ಗೋಡೆ ಹಿಡಿದುಕೊಂಡು ಕಪಾಟಿನ ತನಕ ಹೋಗಿ, ಕಣ್ಣು ಕಿರಿದು ಮಾಡಿ ಒಳಗೆ ನೋಡಿದಳು. ನಟ್ಟನಡುವೆ, ಎಲ್ಲರಿಗಿಂತ ಒಂದು ಮೆಟ್ಟಿಲು ಎತ್ತರದಲ್ಲಿ, ಆ ಪಡೆಯ ಕಮಾಂಡರ್ ನಿಂತಿದ್ದ. ಅವನ ಬೆಳ್ಳಿ ಬಣ್ಣ ಅಲ್ಲಲ್ಲಿ ಹೋಗಿತ್ತು. ಬೆನ್ನ ಮೇಲೆ ಕರಿ ಬಟ್ಟೆ, ತಲೆಗೆ ಎಳೆದುಕೊಳ್ಳುವಂಥ ಟೊಪ್ಪಿಗೆ, ಗದ್ದದ ಕೆಳಗೆ ಎರಡೆಳೆ ದಾರದ ಗಂಟು.

“ಅಯ್ಯ ನನ್ನ ಕೂಸ! ನಿನ್ನ ಕುಂಚಿಗಿ ಇನ್ನೂ ಐತೇನು!” ಅಂದಳು ಮುದುಕಿ, ಗಟ್ಟಿಯಾಗಿ.

ಕುಂಚಿಗಿ ಹಾಕದ ಕೂಸು ಈ ಸೀಮೆಯಲ್ಲಿ ಎಲ್ಲಿದೆ? ತಲೆಗೆ ಟೊಪ್ಪಿಗೆಯಂತೆ ಕೂತು, ಬೆನ್ನ ಮೇಲೆ ಇಳಿಬಿದ್ದು, ಎಳೆಗೂಸನ್ನು ಚಳಿಗೂ ಕಣ್ಣೆಸರಿಗೂ ಕಾಯುವ ಬಟ್ಟೆ. ಜೈಬುನ್ನೀಸಾ ಓಣಿಯ ಎಷ್ಟೋ ಮಕ್ಕಳಿಗೆ ಹೊಲಿದುಕೊಟ್ಟಿದ್ದಳು. ಅವಳ ಅವ್ವ ಕಲಿಸಿದ್ದು ಒಂದು ರೂಢಿ. ಅಂಚು ಮಡಚುವಾಗ ಒಳಗೊಂದು ಜೋಳದ ಕಾಳು ಇಟ್ಟು ಹೊಲಿಯಬೇಕು, ತೊಟ್ಟ ಕೂಸು ಹಸಿದಿರಬಾರದು. ಈ ಕಮಾಂಡರನ ಕುಂಚಿಗಿಯಲ್ಲೂ ಒಂದು ಕಾಳಿತ್ತು. ಅದು ಅವಳಿಗೆ ಚೆನ್ನಾಗಿ ಗೊತ್ತು.

“ದಾದಿ! ಕುಂಚಿಗಿ ಅನಬ್ಯಾಡ!” ಪಿಯುಸಿ ಓದುವ ಮೊಮ್ಮಗಳು ನೂರೀನ ಬಾಚಣಿಕೆ ಹಿಡಿದುಕೊಂಡೇ ಓಡಿಬಂದಳು. “ಆ ಮಾತಿಗೇ ಪಪ್ಪಾ ಮತ್ತ ಹೇಮಪ್ಪಜ್ಜ ಮಾತು ಬಿಟ್ಟಾರ.”

“ಹೇಮಪ್ಪ ಮಾಸ್ತರ? ಅದಕ್ಕೇನು ಈದಿಗೆ ಬರಲಿಲ್ಲ ಅವ್ರು?”

ಲಕ್ಷ್ಮೇಶ್ವರದ ಹೇಮಪ್ಪ ಡ್ರಾಯಿಂಗ್ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಅವರಿಗೂ ಇದೇ ಗೊಂಬೆಗಳ ಹುಚ್ಚು. ಹತ್ತು ವರ್ಷದಿಂದ ಪ್ರತಿ ರಮಜಾನಿನ ಹಬ್ಬಕ್ಕೆ ಬಸ್ಸು ಹಿಡಿದು ಬಂದು, ಹಾಲು ಶಾವಿಗೆಯ ಸುರಕುಂಬಾ ಎರಡು ಬಟ್ಟಲು ಕುಡಿದು, ಕಪಾಟಿನ ಮುಂದೆ ಶಫೀಕನ ಜೊತೆ ಸಂಜೆತನಕ ಕೂತುಬಿಡುವರು. ಈ ಸಲ ಅವರ ಬಟ್ಟಲು ಹಾಗೇ ಉಳಿದಿತ್ತು. ಮೈಗೆ ಹುಷಾರಿಲ್ಲವೇನೋ ಅಂತ ಜೈಬುನ್ನೀಸಾ ಸುಮ್ಮನಾಗಿದ್ದಳು.

ನೂರೀನ ಎಲ್ಲ ಬಿಡಿಸಿ ಹೇಳಿದಳು, ಅವ್ವ ಒಲೆಯ ಮುಂದೆ ಖಾನಾವಳಿಗೆ ಮಾರುವ ರೊಟ್ಟಿ ಬಡಿಯುತ್ತಿರುವಾಗ, ಆ ಸಪ್ಪಳದ ಮರೆಯಲ್ಲಿ. ಫೋನಿನಲ್ಲಿ ಈ ಗೊಂಬೆಯವರದೊಂದು ಗುಂಪಿದೆ, ಮುಂಬಯಿ, ಪುಣೆ, ಬೆಂಗಳೂರಿನ ನಾನೂರು ಮಂದಿ. ದಿನಾ ಅವರವರಲ್ಲೇ ವಾದ. ಶಫೀಕ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷ್ ಮಾಡಿ ಹಾಕುವವಳು ನೂರೀನಳೇ. ಮೂರು ತಿಂಗಳ ಹಿಂದೆ ಶಫೀಕ ಕಮಾಂಡರನ ಫೋಟೋ ಹಾಕಿ, ಕಾರ್ಖಾನೆಯಿಂದ ಟೊಪ್ಪಿಗೆ ಸಹಿತ ಬಂದ ಕಮಾಂಡರ್ ಇಡೀ ದೇಶದಲ್ಲಿ ತನ್ನ ಹತ್ತಿರ ಮಾತ್ರ ಇದ್ದಾನೆ ಅಂದ. ಗುಂಪು ಬೆರಗಾಯಿತು. ಬಟ್ಟೆ ನೀರು ಹಿಡಿಯದ್ದು ಅಂತ ಒಬ್ಬ, ಬೇರೆ ಗ್ರಹದ ಧೂಳಿನ ಗಾಳಿಗೆ ಟೊಪ್ಪಿಗೆ ಮಾಡಿದ್ದಾರೆ ಅಂತ ಇನ್ನೊಬ್ಬ. ಅಂಚಿನಲ್ಲಿ ಬೆರಳಿಗೆ ಸಿಗುವ ಗಂಟಿನ ಬಗ್ಗೆ ಶಫೀಕ ತಾನೇ ಒಂದು ಉದ್ದ ವಿವರಣೆ ಬರೆಸಿದ್ದ. ಬಟ್ಟೆ ನೆಟ್ಟಗೆ ನಿಲ್ಲಲಿ ಅಂತ ಕಾರ್ಖಾನೆಯವರು ಇಟ್ಟ ತೂಕದ ಮಣಿ ಅದು, ಬಲು ಜಾಣ ಕೆಲಸ ಅಂತ.

ಜೈಬುನ್ನೀಸಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕೆಮ್ಮು ಹತ್ತಿತು. “ತೂಕದ ಮಣಿ! ಹರದ ಛತ್ರಿ ಬಟ್ಟಿ ಅದು, ನೀರು ಹೆಂಗ ಹಿಡೀತೈತಿ?”

“ಅಂದ್ರ?”

“ಅದನ್ನ ನಾನ ಹೊಲದದ್ದು. ನಿಮ್ಮ ಪಪ್ಪಾ ಐದು ವರ್ಷದಾವ ಇದ್ದ.”

ನೂರೀನ ನಗಲಿಲ್ಲ. ಬಾಚಣಿಕೆ ಕೆಳಗಿಟ್ಟಳು. “ಹೇಮಪ್ಪಜ್ಜ ಗುಂಪಿನ್ಯಾಗ ಇದನ್ನ ಬರದಿದ್ರು ದಾದಿ. ಇದು ನಮ್ಮ ಕಡೆ ಕುಂಚಿಗಿ ಇದ್ದಂಗ ಐತಿ ಅಂತ. ಎಲ್ಲಾರೂ ನಕ್ಕರು. ಕೂಸು ಕಮಾಂಡರ್ ಅಂತ ಚಿತ್ರ ಮಾಡಿ ಹಾಕಿದ್ರು. ಪಪ್ಪಾಗ ಸಿಟ್ಟು ಬಂತು. ಹೊಟ್ಟಿಕಿಚ್ಚಿನ ಮುದುಕ, ಸುಳ್ಳ ಅಂತ ನನ್ನ ಕಡಿಂದ ಬರಸಿದ್ರು. ಹೇಮಪ್ಪಜ್ಜ ಗುಂಪು ಬಿಟ್ಟು ಹೋದ್ರು.”

ಮುದುಕಿಯ ನಗು ಅಲ್ಲೇ ನಿಂತಿತು. ತನ್ನ ಮನೆಯಲ್ಲಿ ಸುರಕುಂಬಾ ಕುಡಿದ ಮನುಷ್ಯನಿಗೆ ತನ್ನ ಮಗ ಸುಳ್ಳ ಅಂದಿದ್ದ, ಅದೂ ಅವರು ಖರೆ ಹೇಳಿದ್ದಕ್ಕೆ. ಇದನ್ನು ಇವತ್ತೇ ಸರಿಮಾಡಬೇಕು ಅಂದುಕೊಂಡಳು.

ಆದರೆ ಆ ರಾತ್ರಿ ಊಟಕ್ಕೆ ಕೂತಾಗ ಶಫೀಕನ ಮುಖ ನೋಡಬೇಕಿತ್ತು. ತಾಟಿನ ಪಕ್ಕದಲ್ಲಿ ಫೋನು, ಕೈಯಲ್ಲಿ ಮುರಿದ ರೊಟ್ಟಿ, ಬಾಯಿಗೆ ಹೋಗುವುದನ್ನೇ ಮರೆತಿತ್ತು.

“ಮುಂದಿನ ತಿಂಗಳ ಹುಬ್ಬಳ್ಳ್ಯಾಗ ಮೇಳ ಐತಂತ. ಎಲ್ಲಾ ಕಡಿಂದ ಬರ್ತಾರ. ನನ್ನನ್ನ ಸ್ಟೇಜಿನ ಮ್ಯಾಲೆ ಕರದಾರ ಅಮ್ಮಾ! ಕಮಾಂಡರ್ ಬಗ್ಗೆ ಮಾತಾಡಬೇಕಂತ.”

“ಪಲ್ಯ ಆರಾಕತ್ತೈತಿ,” ಅಂದಳು ನಸ್ರೀನ.

“ಆರಲಿ ಬಿಡ. ನನ್ನನ್ನ ಯಾರರ ಎಲ್ಲೆರ ಸ್ಟೇಜಿಗೆ ಕರದಾರೇನು ಇಲ್ಲೀತನಕ? ಫ್ಯಾನ್ ತಿರಗವಲ್ದು ಅಂದಾಗ ಕರೀತಾರ, ಅಷ್ಟ.”

ಜೈಬುನ್ನೀಸಾ ತುತ್ತು ನುಂಗಿದಳು, ಅದರ ಜೊತೆಗೆ ಮಾತನ್ನೂ ನುಂಗಿದಳು. ಮಗನ ಮುಖದಲ್ಲಿ ಅಂಥ ಕಳೆ ಅವಳು ನೋಡಿ ಎಷ್ಟೋ ಕಾಲವಾಗಿತ್ತು.

“ಅಬ್ಬಾ ಇದ್ದಿದ್ರ ಇವತ್ತೂ ಬೈತಿದ್ದ,” ಅಂದ ಶಫೀಕ. “ಆವತ್ತ ತಿಪ್ಪಿಗೆ ಒಗೀತೀನಿ ಅಂತ ಕೈಯಾಗ ಹಿಡಕೊಂಡು ನಿಂತಿದ್ದ ನೋಡು ಇದನ್ನ. ನನಗ ನೆನಪೈತಿ. ಒಂದು ದಿನ ನನ್ನ ಗೊಂಬಿ ಪ್ರೀತೀಲೆ ಮುಟ್ಟಿ ನೋಡ್ಲಿಲ್ಲ ಆ ಮನಶ್ಯಾ.”

“ಸತ್ತವ್ರನ್ನ ಊಟಕ್ಕ ಕುಂತಾಗ ಬೈಬ್ಯಾಡ,” ಅಂದಳು ಜೈಬುನ್ನೀಸಾ. ಅವಳ ಗಂಡ ಮಾಶಾಕ ಗದಗಿನ ದಾಣಿ ಪ್ಯಾಟಿಯಲ್ಲಿ ಕಾಳಿನ ಚೀಲ ಹೊತ್ತ ಹಮಾಲ, ಕಡಕ್ ಆಸಾಮಿ. ಮಾತು ಕಡಿಮೆ, ಆಡಿದರೆ ಬೈಗುಳ.

ದಿನಗಳು ಸರಿದವು. ಶಫೀಕ ಅಂಗಡಿಯಿಂದ ಬೇಗ ಬರತೊಡಗಿದ. ಕನ್ನಡಿಯ ಮುಂದೆ ನಿಂತು ಭಾಷಣ ಒಪ್ಪಿಸುವನು, ನೂರೀನಳಿಗೆ ಓದುವುದು ಬಿಡಿಸಿ ಇಂಗ್ಲಿಷ್ ಹೇಳಿಸಿಕೊಳ್ಳುವನು. ರಿಪೇರಿಗೆ ಬಂದ ಮಿಕ್ಸರುಗಳು ಅಂಗಡಿಯಲ್ಲಿ ಸಾಲಾಗಿ ಕೂತವು. ಓಣಿಯ ದಾವಲಬಿ ತನ್ನ ಮಿಕ್ಸರ್ ಕೇಳಿಕೊಂಡು ಮನೆಗೇ ಬಂದಳು.

“ಬಕ್ರೀದಿನ ಮಸಾಲಿ ಒಳ್ಳಿನ್ಯಾಗ ಕುಟ್ಟಿದೆ ನೋಡ್ರಿ. ನಿಮ್ಮ ಮಗ ಸಾಹೇಬ ಆಗ್ಯಾನಂತಲ್ಲ, ಹೌದೇನು?”

“ಆಗ್ಯಾನ ಆಗ್ಯಾನ,” ಅಂದಳು ನಸ್ರೀನ, “ಸಾಹೇಬ್ರ ಅಂಗಿ ತೊಳ್ಯಾಕ ನಾನೊಬ್ಬಾಕಿ ಅದೀನಲ್ಲ.” ದಾವಲಬಿ ಹೋದ ಮೇಲೆ ಅತ್ತೆಯ ಕಡೆ ತಿರುಗಿದಳು. “ಅತ್ತಿ, ನೀವು ಯಾಕ ಸುಮ್ಮನದೀರಿ? ನೂರೀನ ನನಗ ಎಲ್ಲಾ ಹೇಳ್ಯಾಳ.”

“ಹೆಂಗ ಹೇಳ್ಲಿ ನಸ್ರೀನ? ಅವನ ಮಾರಿ ನೋಡೀ ಇಲ್ಲೋ?”

“ನೋಡೀನಿ. ಮಂದಿ ಮುಂದ ನಿಂತು ಹೇಳಿದ ಮ್ಯಾಲೆ ತಿಳದ್ರ ಆ ಮಾರಿ ಹೆಂಗ ಆಕ್ಕೈತಿ, ಅದನ್ನೂ ನೋಡಬೇಕೇನು?”

ಸೊಸೆಯ ಮಾತು ಚುಚ್ಚಿತು. ಚುಚ್ಚಬೇಕಾದ್ದೇ. ಮಧ್ಯಾಹ್ನ ಜೈಬುನ್ನೀಸಾ ನೂರೀನಳಿಂದ ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿಸಿದಳು.

“ಮಾಸ್ತರ್ರ, ನಾನು ಬೆಟಗೇರಿ ಜೈಬುನ್ನೀಸಾ. ಆರಾಮ ಅದೀರಿ?”

“ಅಕ್ಕಾರ! ನಿಮ್ಮ ಮೊಣಕಾಲು ಹೆಂಗ ಅದಾವ್ರಿ?”

“ಮೊಣಕಾಲು ಹಾಳಾಗಿ ಹೋಗ್ಲಿ. ನೀವು ಹೇಳಿದ್ದು ಖರೆ ಐತ್ರಿ. ಅದು ಕುಂಚಿಗಿನ. ನಾನ ಹೊಲದೀನಿ.”

ಆ ಕಡೆ ಮಾಸ್ತರರು ಮೆಲ್ಲಗೆ ನಕ್ಕರು.

“ನನಗ ಗೊತ್ತಿತ್ರೀ. ನನ್ನ ಮಗ ಅರ್ಜುನಗ ಅದ ವರ್ಷ ಅದ ಕಮಾಂಡರ್ ಕೊಡಿಸಿದ್ದೆ. ಮೈಮ್ಯಾಲೆ ಒಂದು ಚಿಂದಿ ಇದ್ದಿಲ್ಲ. ಆದ್ರ ಅಕ್ಕಾರ, ತಪ್ಪು ನಂದೂ ಐತಿ. ನಾಕು ಮಂದಿ ಮುಂದ ಬರೀಬಾರದಿತ್ತು, ಮನಿಗೆ ಬಂದು ಕಿವಿಯಾಗ ಹೇಳಬೇಕಿತ್ತು. ನೀವು ಈಗ ಅವಂಗ ಏನೂ ಹೇಳಬ್ಯಾಡ್ರಿ. ಹುಬ್ಬಳ್ಳಿಗೆ ಹೋಗಿ ಮಾತಾಡಿ ಬರಲಿ ಪಾಪ. ನಾ ಅಲ್ಲಿಗೆ ಬರೂದಿಲ್ಲ.”

“ನಿಮಗ ಸುಳ್ಳ ಅಂದಾನಲ್ರೀ!”

“ಅನ್ಲಿ ಬಿಡ್ರಿ. ನನಗೇನು ಇನ್ನ ನೌಕರಿ ಮಾಡೂದೈತೇನು?”

ಫೋನು ಇಟ್ಟ ಮೇಲೆ ಜೈಬುನ್ನೀಸಾಳಿಗೆ ಅಳು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ತನ್ನ ಮಗನ ಮುಖ ಉಳಿಯಲಿ ಅಂತ ಹೊರಗಿನವರೊಬ್ಬರು ಸುಳ್ಳರಾಗಿ ಉಳಿಯಲು ಒಪ್ಪಿದ್ದನ್ನು ತಡೆದುಕೊಳ್ಳುವುದು ಅವಳಿಂದಾಗಲಿಲ್ಲ.

ಶುಕ್ರವಾರ ಜುಮ್ಮಾ ನಮಾಜು ಮುಗಿಸಿಕೊಂಡು ಶಫೀಕ ಊಟಕ್ಕೆ ಬಂದ. ಮೇಳಕ್ಕೆ ಇನ್ನು ಎರಡೇ ದಿನ. ನಸ್ರೀನ ತಾಟು ಇಟ್ಟಳು. ಜೈಬುನ್ನೀಸಾ ಮಂಚದ ಮೇಲಿಂದಲೇ ಕರೆದಳು.

“ಶಫೀಕಾ, ಆ ಕಮಾಂಡರನ ಬಟ್ಟಿ ಕಾರ್ಖಾನ್ಯಾಗಿಂದಲ್ಲ. ನಾನು ಹೊಲದ ಕುಂಚಿಗಿ.”

ಶಫೀಕ ತುತ್ತು ಕೈಯಲ್ಲೇ ಹಿಡಿದು ನೋಡಿದ. “ಏನಂದಿ?”

“ನಿಮ್ಮ ರಹಮಾನಸಾಬ ಮಾಮಾ ಮುಂಬೈಕ ಲಾರಿ ಹೊಡೀತಿದ್ದ. ಅವ ತಂದ ಆ ಗೊಂಬಿ. ನಮಾಜ ಮಾಡೂ ಖೋಲ್ಯಾಗ ಮುಖ ಇದ್ದ ಗೊಂಬಿ ಬ್ಯಾಡ ಅಂದ್ರು ನಿಮ್ಮ ಅಬ್ಬಾ. ನೀ ಎರಡು ದಿನ ಊಟ ಬಿಟ್ಟು ಅತ್ತಿ. ನಮಾಜಿನ ಹೊತ್ತಿಗೆ ಮುಖಾ ಮುಚ್ಚೂಣು ಅಂತ ಹರದ ಛತ್ರಿ ಬಟ್ಟೀಲೆ ಹೊಲದೆ.”

“ನಿನಗ ವಯಸ್ಸಾತು ಅಮ್ಮಾ. ಯಾವುದೋ ಕೂಸಿಂದು ಇದಕ್ಕ ಕಲಸಾಕತ್ತಿ.”

“ನನಗ ಮೊಣಕಾಲು ಹೋಗ್ಯಾವ, ತಲಿ ಹೋಗಿಲ್ಲ. ನಿನ್ನ ತೂಕದ ಮಣಿ ಐತಲ್ಲ, ಅದು ಜೋಳದ ಕಾಳು. ಅಂಚು ಬಿಚ್ಚಿ ನೋಡು.”

“ಬಿಚ್ಚೂದು? ಅಸಲಿ ಹೊಲಿಗಿ ಬಿಚ್ಚಂತೀ?” ಶಫೀಕನ ದನಿ ಏರಿತು. “ಹೇಮಪ್ಪ ಫೋನ್ ಮಾಡಿದ್ದನೇನು? ಅವ ಹೇಳಿಕೊಟ್ಟನೇನು ಇದನ್ನ?”

“ನಾ ಮಾಡಿದ್ದೆ! ಅವ್ರು ಹೇಳಬ್ಯಾಡ ಅಂದ್ರು. ಶಫೀಕ ಸ್ಟೇಜಿನ ಮ್ಯಾಲೆ ಮಾತಾಡಲಿ, ನಾ ಸುಳ್ಳ ಆದ್ರ ಆಗ್ಲಿ ಅಂದ್ರು. ಅಂಥಾ ಮನಶ್ಯಾಗ ನೀ ಏನಂದಿ, ನಾಚಿಕಿ ಬರೂದಿಲ್ಲೇನು ನಿನಗ?”

ಶಫೀಕ ತಾಟು ಸರಿಸಿ ಎದ್ದುಹೋದ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎಲ್ಲ ಹಾಗೇ ಉಳಿಯಿತು. ನಸ್ರೀನ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿದಳು.

“ಐದು ವರ್ಷದವ ಇದ್ದಾಗೂ ಹಿಂಗ ಮಾಡಿದ್ದ,” ಅಂದಳು ಜೈಬುನ್ನೀಸಾ. ಅವಳೂ ಉಣ್ಣಲಿಲ್ಲ.

ಮರುದಿನ ಮಧ್ಯಾಹ್ನ ಶಫೀಕ ಅಂಗಡಿ ಅರ್ಧಕ್ಕೇ ಮುಚ್ಚಿ ಬಂದ. ಕೈಯಲ್ಲಿ ದಾವಲಬಿಯ ಮಿಕ್ಸರ್ ಇತ್ತು, ರಿಪೇರಿಯಾದದ್ದು. ಅದನ್ನು ಬಾಗಿಲ ಬಳಿ ಇಟ್ಟು, ಕೈತೊಳೆದು, ಕಪಾಟು ತೆರೆದು ಕಮಾಂಡರನನ್ನು ತೆಗೆದುಕೊಂಡು ತಾಯಿಯ ಮಂಚದ ತುದಿಗೆ ಬಂದು ಕೂತ.

“ಎಲ್ಲಿಂದ ಬಿಚ್ಚಬೇಕು?” ಅಂದ.

“ತಾ ಇಲ್ಲೆ. ಗಂಟು ಎಲ್ಲೈತಿ ನನಗ ಗೊತ್ತೈತಿ. ನೂರೀನಾ, ಸೂಜಿ ಕೊಡು.”

ಮುದುಕಿಯ ಬೆರಳು ಅಂಚನ್ನು ತಡವುತ್ತ ಹೋಗಿ ಒಂದು ಕಡೆ ನಿಂತಿತು. ಸೂಜಿಯ ಮೊನೆಯಿಂದ ಗಂಟು ಎತ್ತಿದಳು, ನಾಲ್ಕು ಹೊಲಿಗೆ ಬಿಚ್ಚಿದಳು, ಮಗನ ಅಂಗೈ ಮೇಲೆ ಬಟ್ಟೆ ಝಾಡಿಸಿದಳು. ಒಂದು ಜೋಳದ ಕಾಳು ಬಿತ್ತು. ಬಣ್ಣ ಕಂದಿ, ಒಂದು ಬದಿಗೆ ಹುಳ ಕೊರೆದ ಸಣ್ಣ ತೂತು ಬಿದ್ದಿತ್ತು.

ಶಫೀಕ ಕಾಳನ್ನು ಬೆರಳಿನಿಂದ ಹೊರಳಿಸಿ ನೋಡಿದ. ಆಮೇಲೆ ಅವನು ಮಗಳಿಗೆ ಹೇಳಿದ. “ಬರಿ ನೂರೀನಾ. ಟೊಪ್ಪಿಗಿ ನಮ್ಮ ಅಮ್ಮಾ ಹೊಲದದ್ದು. ಹೇಮಪ್ಪ ಸರ್ ಹೇಳಿದ್ದ ಖರೆ. ನಾ ಅವ್ರಿಗೆ ಅಂದದ್ದು ತಪ್ಪು. ಇದನ್ನ ನಾಳೆ ಸ್ಟೇಜಿನ ಮ್ಯಾಲೂ ಹೇಳ್ತೀನಿ, ಕೇಳೋವ್ರು ಕೇಳ್ಲಿ, ನಗೋವ್ರು ನಗಲಿ ಅಂತ ಬರಿ.”

ಬರೆದದ್ದೇ ತಡ, ಫೋನು ಟಿಣ್ ಟಿಣ್ ಅನ್ನತೊಡಗಿತು. ಹಲ್ಲು ಕಿರಿಯುವ ಮುಖಗಳು ಒಂದರ ಹಿಂದೊಂದು ಬಂದವು, ಕೂಸು ಕಮಾಂಡರನ ಚಿತ್ರ ಮತ್ತೆ ಬಂತು. ಶಫೀಕನ ಕಿವಿ ಕೆಂಪಾದವು. ನೋಡಿದ, ಒಂದನ್ನೂ ಅಳಿಸಲಿಲ್ಲ, ಲಕ್ಷ್ಮೇಶ್ವರಕ್ಕೆ ಫೋನು ಹಚ್ಚಿದ.

“ಸರ್, ನಾ ಶಫೀಕ. ತಪ್ಪಾತ್ರಿ. ಅಂಚು ಬಿಚ್ಚಿ ನೋಡಿದೆ, ಜೋಳದ ಕಾಳ ಐತಿ.”

“ಬಿಚ್ಚಿದೀ?” ಮಾಸ್ತರರ ದನಿ ಪಡಸಾಲೆಗೆಲ್ಲ ಕೇಳಿತು. “ಲೇ ಹುಚ್ಚಾ! ಅಷ್ಟು ವರ್ಷದ ಹೊಲಿಗಿ ಬಿಚ್ಚೂದೇನೋ! ಬುದ್ಧಿ ಐತೇನು ನಿನಗ? ಮುಟ್ಟಬ್ಯಾಡ ಇನ್ನ. ಅಕ್ಕಾರ ಕೈಲೆ ಅದ ದಾರಲೆ, ಅದ ತೂತಿನ್ಯಾಗ ಹೊಲಿಸು. ನಾಳೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ, ತಗೊಂಡು ಬಾ, ನಾ ನೋಡಬೇಕು!”

ಶಫೀಕನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ನಸ್ರೀನ ಅಂದಿನ ಊಟಕ್ಕೆ ಮುಚ್ಚಿಟ್ಟಿದ್ದ ತಾಟು ತಾನೇ ತಂದುಕೊಂಡು ಮಂಚದ ಬಳಿ ಕೂತು ಉಂಡ. ಜೈಬುನ್ನೀಸಾ ಹೊಲಿಯಲು ಕೂತಳು. ನಸ್ರೀನ ಹಿಟ್ಟು ಬೀಸಲು ತೆಗೆದಿಟ್ಟ ಜೋಳದಿಂದ ದುಂಡಗಿನ ಕಾಳೊಂದನ್ನು ಆರಿಸಿ ತಂದಳು.

“ಅದು ಹುಳಾ ತಿಂದೈತಿ ಅತ್ತಿ. ಇದನ್ನ ಹಾಕ್ರಿ.”

“ಬ್ಯಾಡ. ಅದ ಇರಲಿ.”

“ತೂತು ಬಿದ್ದೈತಲ್ಲ ಅಮ್ಮಾ,” ಅಂದ ಶಫೀಕ.

“ಬಿದ್ರ ಬೀಳ್ಲಿ. ಅದು ನಿಮ್ಮ ಅಬ್ಬಾ ಕೊಟ್ಟ ಕಾಳು.”

ಶಫೀಕನ ತುತ್ತು ಅರ್ಧಕ್ಕೆ ನಿಂತಿತು. “ಅಬ್ಬಾ? ತಿಪ್ಪಿಗೆ ಒಗೀತೀನಿ ಅಂದಾವ ಅಬ್ಬಾನ ಅಲ್ಲೇನು?”

“ಅಂದಿದ್ರು. ನೀ ಎರಡು ದಿನ ಉಣ್ಣಲಿಲ್ಲ ಅಂತ ಅವರೂ ಉಂಡಿದ್ದಿಲ್ಲ, ಅದು ನಿನಗ ಗೊತ್ತಿಲ್ಲ. ಪ್ಯಾಟಿಯಿಂದ ಬಂದ್ರು, ನಾ ಇದನ್ನ ಹೊಲ್ಯಾಕ ಕುಂತಿದ್ದೆ. ಬೈತಾರ ಅಂತ ಮುಚ್ಚಿಟ್ಟೆ. ಏನದು ತೋರ್ಸು ಅಂದ್ರು. ತೋರಿಸ್ದೆ. ಕೈಯಾಗ ಹಿಡದು ತಿರುವಿ ಮುರುವಿ ನೋಡಿದ್ರು. ‘ಕುಂಚಿಗಿ ಅಂದ ಮ್ಯಾಲೆ ಕಾಳಿಲ್ಲದ ಹೊಲೀಬ್ಯಾಡ,’ ಅಂದ್ರು. ಅವರ ಅಂಗಿ ತೋಳಿನ ಮಡಿಕ್ಯಾಗ ಯಾವಾಗ್ಲೂ ಪ್ಯಾಟಿ ಕಾಳು ಸಿಕ್ಕೊಂಡಿರ್ತಿದ್ವು. ಮಡಿಕಿ ಬಿಚ್ಚಿ, ಒಂದು ಆರಿಸಿ ಕೊಟ್ರು.”

“ನನಗ ಯಾಕ ಹೇಳ್ಲಿಲ್ಲ?”

“ಹುಡುಗಗ ಹೇಳಬ್ಯಾಡ ಅಂದ್ರು. ‘ಹೇಳಿದ್ರ ಸಲಿಗಿ ಆಕ್ಕೈತಿ, ನಾಳೆ ಇನ್ನೊಂದು ಗೊಂಬಿ ತರ್ತಾನ.’”

ನಾಲ್ಕೂ ಮಂದಿಯ ಕಣ್ಣು ಕಪಾಟಿನ ಕಡೆ ಹೋಯಿತು. ಹಲ್ಲಿ ಮೋರೆಯವರು, ನಾಲ್ಕು ಕೈಯವರು ಸಾಲುಗಟ್ಟಿ ನಿಂತಿದ್ದರು. ಮೊದಲು ನಕ್ಕವಳು ನಸ್ರೀನ. ಶಫೀಕ ನಗಲು ಹೋಗಿ ಅತ್ತುಬಿಟ್ಟ, ಎಂಜಲು ಕೈಯನ್ನು ತಾಟಿನ ಮೇಲೆ ಹಿಡಿದುಕೊಂಡೇ ಅತ್ತ. ಜೈಬುನ್ನೀಸಾ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಹುಳ ತಿಂದ ಕಾಳನ್ನು ಅಂಚಿನಲ್ಲಿಟ್ಟು ಮಡಚಿ, ಹಳೇ ತೂತುಗಳಲ್ಲೇ ಸೂಜಿ ಆಡಿಸಿ, ಗಂಟು ಹಾಕಿ ದಾರ ಕಡಿದಳು.

ಮಸೂತಿಯಿಂದ ಇಳಿಹೊತ್ತಿನ ಅಸರಿನ ಅಜಾನ್ ಕೇಳಿಸಿತು. ಶಫೀಕ ಕೈತೊಳೆದು ಬಂದು ಕಮಾಂಡರನಿಗೆ ಕುಂಚಿಗಿ ತೊಡಿಸಿದ, ಗದ್ದದ ಕೆಳಗೆ ಗಂಟು ಹಾಕಿದ, ಟೊಪ್ಪಿಗೆಯನ್ನು ಮುಂದಕ್ಕೆ ಎಳೆದು ಮುಖ ಪೂರಾ ಮುಚ್ಚಿದ. ಕಪಾಟಿನಲ್ಲಿಟ್ಟು ಪರದೆ ಎಳೆದ.

“ಆತು, ನಮಾಜ ಮಾಡು ಅಮ್ಮಾ,” ಅಂದು ತಾಯಿ ನಮಾಜಿಗೆ ಕೂರುವ ಕುರ್ಚಿಯನ್ನು ಪಶ್ಚಿಮದ ಗೋಡೆಯ ಕಡೆ ತಿರುಗಿಸಿ ಇಟ್ಟ.